ಪರದೆ ಕಾಣದವರ ಕೀಲಿಮಣೆ: ಸ್ವಂತ ಶಾರ್ಟ್‌ಕಟ್‌ಗಳ ಪ್ರಶ್ನೆ

ಕಂಪ್ಯೂಟರನ್ನು ಕಣ್ಣಿನಿಂದ ಬಳಸುವವರಿಗೆ ಒಂದು ಪುಟ ಇಡಿಯಾಗಿ ಒಮ್ಮೆಲೇ ಸಿಗುತ್ತದೆ. ಮೇಲಿನ ಶೀರ್ಷಿಕೆ, ಪಕ್ಕದ ಪಟ್ಟಿ, ನಡುವಿನ ವಿಷಯ, ಕೆಳಗಿನ ‘ಸಲ್ಲಿಸಿ’ ಬಟನ್ ಎಲ್ಲವೂ ಒಟ್ಟಿಗೇ ಕಾಣುತ್ತವೆ. ಬೇಕಾದ ಕಡೆ ಮೌಸ್ ಒಯ್ದು ಒತ್ತಿದರೆ ಮುಗಿಯಿತು. ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಬಳಸುವ ದೃಷ್ಟಿಹೀನರಿಗೆ ಅದೇ ಪುಟ ಒಂದಾದ ಮೇಲೆ ಒಂದರಂತೆ ಕಿವಿಗೆ ಬೀಳುವ ಮಾತು. ಸರದಿಯನ್ನು ಬಿಟ್ಟು ಬೇಕಾದಲ್ಲಿಗೆ ನೆಗೆಯಲು ಅವರಿಗಿರುವ ಸಾಧನ ಕೀಲಿಮಣೆ. ಹೀಗಾಗಿ ಯಾವ ಕೀ ಒತ್ತಿದರೆ ಏನಾಗುತ್ತದೆ ಎಂಬುದು ಕಣ್ಣಿದ್ದವರಿಗೆ ಅನುಕೂಲದ ವಿಚಾರವಾದರೆ ಇವರಿಗೆ ಕೆಲಸ ಆಗುವುದೋ ಇಲ್ಲವೋ ಎಂಬ ವಿಚಾರ. ತಂತ್ರಾಂಶ ತಯಾರಿಸಿದವರು ಕೊಟ್ಟ ಶಾರ್ಟ್‌ಕಟ್‌ಗಳೇ ಸಾಕೇ, ಇಲ್ಲ ಬಳಸುವವರು ತಮ್ಮ ಕೆಲಸಕ್ಕೆ ತಕ್ಕ ಹಾಗೆ ಕೆಲವನ್ನು ತಾವೇ ಕಟ್ಟಿಕೊಳ್ಳಬೇಕೇ ಎಂಬುದು ತರಬೇತಿ ಕೊಡುವವರ ನಡುವೆ ಇನ್ನೂ ತೀರದ ಪ್ರಶ್ನೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳನ್ನು ಎದುರಿಗಿಟ್ಟುಕೊಂಡು ಇದನ್ನು ಚರ್ಚಿಸುವುದಕ್ಕೆ ಕಾರಣವಿದೆ. ಇಲ್ಲಿ ಮನೆಮಾತು ತುಳು, ಬ್ಯಾರಿ, ಕೊಂಕಣಿ ಅಥವಾ ಕನ್ನಡ. ಅರ್ಜಿ, ಆರ್‌ಟಿಸಿ, ಪಂಚಾಯಿತಿ ನೋಟಿಸು ಕನ್ನಡದಲ್ಲಿ. ಕಂಪ್ಯೂಟರಿನ ಮೆನು, ಬ್ಯಾಂಕಿನ ತಂತ್ರಾಂಶ, ಕಾಲೇಜಿನ ಪಠ್ಯ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಸೊಸೈಟಿಯಲ್ಲಿ ಲೆಕ್ಕ ಬರೆಯುವವರಿರಲಿ, ಕಾಲೇಜಿನಲ್ಲಿ ಪ್ರಬಂಧ ಬರೆಯುವವರಿರಲಿ, ಅಡಿಕೆ ಧಾರಣೆ ನೋಡುವವರಿರಲಿ, ಒಂದೇ ಗಂಟೆಯಲ್ಲಿ ಎಷ್ಟೋ ಸಲ ಭಾಷೆ ದಾಟಬೇಕು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ದೃಷ್ಟಿ ಅಂಗವಿಕಲತೆ ಇರುವವರು ಸುಮಾರು 2.64 ಲಕ್ಷ, ದೇಶದಲ್ಲಿ ಸುಮಾರು 50 ಲಕ್ಷ. ಇವರಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕನ್ನಡಿಗರಿಗೆ ಸ್ವಂತ ಶಾರ್ಟ್‌ಕಟ್‌ಗಳು ಇಂಗ್ಲಿಷಿನಲ್ಲೇ ಕೆಲಸ ಮಾಡುವವರಿಗಿಂತ ಹೆಚ್ಚು ಅಗತ್ಯ ಎಂಬುದು ಈ ಲೇಖನದ ವಾದ. ಸಿದ್ಧ ಕೀಲಿಗಳನ್ನು ಜೋಡಿಸಿದವರ ಮನಸ್ಸಿನಲ್ಲಿ ಎರಡು ಲಿಪಿ, ಎರಡು ಧ್ವನಿಗಳ ನಡುವೆ ದಿನವಿಡೀ ಓಡಾಡುವ ಬಳಕೆದಾರ ಇರಲಿಲ್ಲ.

ಮೊದಲು ಸಿದ್ಧ ಕೀಲಿಗಳಿಗೆ ಸಲ್ಲಬೇಕಾದ ನ್ಯಾಯ ಸಲ್ಲಲಿ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಉಚಿತ ಸ್ಕ್ರೀನ್ ರೀಡರ್ ಎನ್‌ವಿಡಿಎ. ಆಸ್ಟ್ರೇಲಿಯಾದ ದೃಷ್ಟಿಹೀನ ಯುವಕ ಮೈಕಲ್ ಕರನ್ 2006ರಲ್ಲಿ ಇದನ್ನು ಆರಂಭಿಸಿದರು. ಗೆಳೆಯ ಜೇಮ್ಸ್ ಟೆಹ್ ಜೊತೆಗೂಡಿದರು. ಇದರಲ್ಲಿ ಜಾಲಪುಟ ತೆರೆದಾಗ ಎಚ್ ಒತ್ತಿದರೆ ಮುಂದಿನ ಶೀರ್ಷಿಕೆ, ಕೆ ಒತ್ತಿದರೆ ಕೊಂಡಿ, ಎಫ್ ಒತ್ತಿದರೆ ತುಂಬಬೇಕಾದ ಜಾಗ, ಟಿ ಒತ್ತಿದರೆ ಕೋಷ್ಟಕ, ಬಿ ಒತ್ತಿದರೆ ಬಟನ್. ಶಿಫ್ಟ್ ಸೇರಿಸಿ ಒತ್ತಿದರೆ ಅದೇ ಹಿಂದಕ್ಕೆ. 1ರಿಂದ 6ರವರೆಗಿನ ಅಂಕಿಗಳು ಆಯಾ ಮಟ್ಟದ ಶೀರ್ಷಿಕೆಗೆ ಒಯ್ಯುತ್ತವೆ. ಇನ್ಸರ್ಟ್ ಜೊತೆ ಎಫ್7 ಒತ್ತಿದರೆ ಪುಟದಲ್ಲಿರುವ ಕೊಂಡಿಗಳು, ಶೀರ್ಷಿಕೆಗಳು ಪಟ್ಟಿಯಾಗಿ ತೆರೆದುಕೊಳ್ಳುತ್ತವೆ. ಅಮೆರಿಕದ ವೆಬ್‌ಏಮ್ ಸಂಸ್ಥೆ 2023ರ ಕೊನೆ ಮತ್ತು 2024ರ ಆರಂಭದಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಉದ್ದದ ಪುಟದಲ್ಲಿ ಮಾಹಿತಿ ಹುಡುಕಲು ಮೊದಲು ಶೀರ್ಷಿಕೆಗಳ ಮೇಲೆ ನೆಗೆಯುತ್ತೇವೆ ಎಂದವರು ಶೇ. 70ಕ್ಕೂ ಹೆಚ್ಚು. ಅಂದರೆ ಎಚ್ ಎಂಬ ಒಂದೇ ಕೀ ಜಗತ್ತಿನಾದ್ಯಂತ ಲಕ್ಷಾಂತರ ಜನರ ದಿನವನ್ನು ಹಗುರ ಮಾಡಿದೆ. ಇವನ್ನು ಕಲಿಯದೆ ಸ್ವಂತ ಕೀಲಿಗಳ ಬೆನ್ನು ಹತ್ತುವುದು ವ್ಯರ್ಥ.

ಆದರೆ ಈ ಕೀಲಿಗಳು ಪ್ರಕೃತಿ ಕೊಟ್ಟವಲ್ಲ, ಯಾರೋ ಕೂತು ಗೊತ್ತುಮಾಡಿದವು ಎಂಬುದನ್ನು ಮರೆಯಬಾರದು. ಎನ್‌ವಿಡಿಎಯಲ್ಲಿ ಕೊಂಡಿಗೆ ಹೋಗುವ ಕೆ ಕೀ ಜಾಸ್ ಎಂಬ ಸ್ಕ್ರೀನ್ ರೀಡರಿನಲ್ಲಿ ಬಳಕೆದಾರ ಗುರುತು ಹಾಕಿಟ್ಟ ಜಾಗಕ್ಕೆ ಹೋಗುತ್ತದೆ. ಪುಟದ ವಿಭಾಗಗಳಿಗೆ ಒಂದರಲ್ಲಿ ಡಿ, ಇನ್ನೊಂದರಲ್ಲಿ ಆರ್. ಬದಲಿಸುವ ಅವಕಾಶವೂ ಹೊಸತೇನಲ್ಲ. 1980ರ ದಶಕದ ಮಧ್ಯದಲ್ಲಿ ಐಬಿಎಂನಲ್ಲಿ ಜಿಮ್ ಥ್ಯಾಚರ್ ರೂಪಿಸಿದ ಸ್ಕ್ರೀನ್ ರೀಡರಿಗೆ 18 ಕೀಗಳ ಬೇರೆಯದೇ ಪುಟ್ಟ ಕೀಲಿಮಣೆ ಇತ್ತು, ಅದರ ವರ್ತನೆಯನ್ನು ಬದಲಿಸಿಕೊಳ್ಳಲು ಒಂದು ಚಿಕ್ಕ ಪ್ರೋಗ್ರಾಂ ಭಾಷೆಯೂ ಇತ್ತು. ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ ಮೋಟಾರ್ ಸೈಕಲ್ ಸ್ಪರ್ಧಿ ಟೆಡ್ ಹೆಂಟರ್ 1989ರಲ್ಲಿ ಹೊರತಂದ ಜಾಸ್ ತನ್ನ ಸ್ಕ್ರಿಪ್ಟ್‌ಗಳಿಂದಲೇ ಕಚೇರಿಗಳಲ್ಲಿ ನೆಲೆಯೂರಿತು: ಯಾವ ತಂತ್ರಾಂಶ ಹೊಂದಿಕೊಳ್ಳದೋ ಅದಕ್ಕೆ ಸ್ಕ್ರಿಪ್ಟ್ ಬರೆದು ಹೊಂದಿಸಿಕೊಳ್ಳಬಹುದಿತ್ತು. ಸ್ಕ್ರೀನ್ ರೀಡರಿನ ಇತಿಹಾಸವೆಂದರೆ ಬದಲಿಸಿಕೊಳ್ಳುವಿಕೆಯ ಇತಿಹಾಸವೂ ಹೌದು.

ಕನ್ನಡಿಗರಿಗೆ ಈ ಮಾತು ಅರ್ಥವಾಗಲು ಬೇರೆ ದೇಶಕ್ಕೆ ಹೋಗಬೇಕಿಲ್ಲ. ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ಹೆದ್ದಾರಿಯಲ್ಲಿ ಗುರುಪುರ ಕೈಕಂಬದ ಬಳಿ ಸಿಗುವ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೇ ಇಂದು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಮೂಲಕ ಕರ್ನಾಟಕ ಸರ್ಕಾರ ಒಪ್ಪಿಕೊಂಡ ವಿನ್ಯಾಸ. ಇಂಗ್ಲಿಷಿಗೆಂದು ಮಾಡಿದ ಕೀಲಿಮಣೆಯಲ್ಲಿ ಕೆ ಒತ್ತಿದರೆ ಕ, ಶಿಫ್ಟ್ ಸೇರಿಸಿದರೆ ಖ, ಒತ್ತಕ್ಷರ ಕೂಡಿಸಲು ಎಫ್ ಎಂದು ಅವರು ಗೊತ್ತುಮಾಡಿದರು. ಕೈಬೆರಳಿಗೆ ಈಗಾಗಲೇ ಗೊತ್ತಿರುವುದನ್ನು ಕೆಡಿಸದೆ ಹೊಸದನ್ನು ಅದರ ಮೇಲೆ ಕೂರಿಸುವುದು ಆ ವಿನ್ಯಾಸದ ಗುಟ್ಟು. ಕೊಟ್ಟ ಕೀಲಿಮಣೆಯನ್ನು ಕೊಟ್ಟ ಹಾಗೇ ಒಪ್ಪಿದ್ದರೆ ಕನ್ನಡ ಟೈಪಿಂಗ್ ಇಷ್ಟು ಹಬ್ಬುತ್ತಿರಲಿಲ್ಲ. ಭಾಷೆಯ ಮಟ್ಟದಲ್ಲಿ ನಾವು ಮಾಡಿಕೊಂಡ ಈ ಹೊಂದಾಣಿಕೆಯನ್ನೇ ದೃಷ್ಟಿಹೀನ ಬಳಕೆದಾರ ವ್ಯಕ್ತಿಯ ಮಟ್ಟದಲ್ಲಿ ಕೇಳುತ್ತಿದ್ದಾನೆ.

ಸಿದ್ಧ ಕೀಲಿಗಳು ಕನ್ನಡದ ಕೆಲಸದಲ್ಲಿ ಎಲ್ಲಿ ಸೋಲುತ್ತವೆ ಎಂದು ನೋಡೋಣ. ಮೊದಲನೆಯದು ಧ್ವನಿ. ಎನ್‌ವಿಡಿಎ ಜೊತೆಗೇ ಬರುವ ಇ-ಸ್ಪೀಕ್ ಎನ್‌ಜಿ ಎಂಬ ಧ್ವನಿಯಲ್ಲಿ ಕನ್ನಡವೂ ಇದೆ. ಯಾಂತ್ರಿಕವಾಗಿ ಕೇಳಿದರೂ ಸ್ಪಷ್ಟ. ಇಂಗ್ಲಿಷ್ ಮೆನುಗಳಿಗೆ ಮಾತ್ರ ಬಹಳ ಜನ ಬೇರೆ ಧ್ವನಿ, ಬೇರೆ ವೇಗ ಇಟ್ಟುಕೊಳ್ಳುತ್ತಾರೆ. ಕನ್ನಡ ಬಾರದ ಧ್ವನಿಯೊಂದು ಚಾಲ್ತಿಯಲ್ಲಿರುವಾಗ ಕನ್ನಡದ ಪುಟ ತೆರೆದರೆ ಕನ್ನಡ ಭಾಗವನ್ನು ಅದು ಸದ್ದಿಲ್ಲದೆ ದಾಟಿಬಿಡಬಹುದು; ಪುಟದಲ್ಲಿ ಏನೂ ಇಲ್ಲವೆಂದು ಕೇಳುಗ ತಿಳಿಯುತ್ತಾನೆ. ಪುಟ ಮಾಡಿದವರು ಒಳಗೆ ಭಾಷೆಯ ಹೆಸರು ಸರಿಯಾಗಿ ನಮೂದಿಸಿದ್ದರೆ ಧ್ವನಿ ತಾನಾಗಿ ಬದಲಾಗಬಲ್ಲದು, ಆದರೆ ಆ ನಮೂದು ಇಲ್ಲದಿರುವುದು ಜಗತ್ತಿನ ಜಾಲತಾಣಗಳಲ್ಲಿ ಅತಿ ಸಾಮಾನ್ಯವಾದ ಆರು ದೋಷಗಳಲ್ಲಿ ಒಂದೆಂದು ವೆಬ್‌ಏಮ್ ವರ್ಷವರ್ಷವೂ ದಾಖಲಿಸುತ್ತಿದೆ. ಆಗ ಬಳಕೆದಾರ ಮೆನುವಿಗೆ ಹೋಗಿ, ಸೆಟ್ಟಿಂಗ್ಸ್ ತೆರೆದು, ಮಾತಿನ ವಿಭಾಗ ಹುಡುಕಿ, ಧ್ವನಿ ಬದಲಿಸಿ, ವೇಗ ಇಳಿಸಿ ಹಿಂದೆ ಬರಬೇಕು. ಇಂಗ್ಲಿಷಿಗೆ ಮರಳುವಾಗ ಮತ್ತೆ ಅದೇ ಸುತ್ತು.

ಎರಡನೆಯದು ಲಿಪಿ. ‘ನುಡಿ’ಯಲ್ಲಿ ಕನ್ನಡ, ಇಂಗ್ಲಿಷ್ ನಡುವೆ ಹೋಗಿಬರುವ ಕೀ ಸ್ಕ್ರಾಲ್ ಲಾಕ್, ಇಂದಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಆ ಕೀಯೇ ಇಲ್ಲ. ವಿಂಡೋಸ್‌ನದೇ ಕನ್ನಡ ಕೀಲಿಮಣೆ ಬಳಸಿದರೆ ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಒಂದೊಂದೇ ಭಾಷೆ ದಾಟಬೇಕು. ಎರಡೂ ಕ್ರಮಗಳಲ್ಲಿ ಒಂದೇ ತೊಡಕು: ಈಗ ಯಾವ ಸ್ಥಿತಿಯಲ್ಲಿದ್ದೇನೆ ಎಂಬುದು ತಿಳಿದಿದ್ದರೆ ಮಾತ್ರ ಮುಂದಿನ ಒತ್ತು ಎಲ್ಲಿಗೆ ಒಯ್ಯುತ್ತದೆಂದು ತಿಳಿಯುತ್ತದೆ. ಕಣ್ಣಿದ್ದವರು ಮೂಲೆಯ ಚಿಹ್ನೆ ನೋಡಿ ಸರಿಪಡಿಸಿಕೊಳ್ಳುತ್ತಾರೆ; ದೃಷ್ಟಿಹೀನರು ಅನೇಕ ಸಲ ಎರಡು ಅಕ್ಷರ ಟೈಪಿಸಿ, ಕೇಳಿ, ತಪ್ಪಿದ್ದರೆ ಅಳಿಸಬೇಕಾಗುತ್ತದೆ. ಮೂರನೆಯದು ಹಳೆಯ ಕಡತಗಳ ಸಮಸ್ಯೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿದ್ದರೂ ಕಚೇರಿ, ಪ್ರೆಸ್ಸು, ಶಾಲೆಗಳಲ್ಲಿ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಟೈಪಾದ ಕಡತಗಳು ರಾಶಿ ಇವೆ. ಪರದೆಯ ಮೇಲೆ ಅವು ಚೆಂದದ ಕನ್ನಡ. ಒಳಗೆ ಇಂಗ್ಲಿಷ್ ಅಕ್ಷರಗಳು, ಯುರೋಪಿನ ಭಾಷೆಗಳ ಚಿಹ್ನೆಗಳು. ಸ್ಕ್ರೀನ್ ರೀಡರ್ ಓದುವುದು ಒಳಗಿರುವುದನ್ನು, ಹಾಗಾಗಿ ಕೇಳಿಸುವುದು ಅರ್ಥವಿಲ್ಲದ ಗದ್ದಲ. ಅಂಥ ಕಡತವನ್ನು ಮೊದಲು ಪರಿವರ್ತಕಕ್ಕೆ ಹಾಕಿ, ಯೂನಿಕೋಡ್ ಮಾಡಿಕೊಂಡು, ಆಮೇಲೆ ಓದಬೇಕು.

ಈ ಮೂರೂ ತೊಡಕುಗಳಿಗೆ ಸ್ವಂತ ಶಾರ್ಟ್‌ಕಟ್‌ನಲ್ಲಿ ನೇರ ಉತ್ತರವಿದೆ. ಎನ್‌ವಿಡಿಎಯಲ್ಲಿ ‘ಕನ್ನಡ’ ಎಂಬ ಹೆಸರಿನ ಒಂದು ಪ್ರೊಫೈಲ್ ಮಾಡಿ ಅದರಲ್ಲಿ ಕನ್ನಡ ಧ್ವನಿ, ನಿಧಾನದ ವೇಗ, ವಿರಾಮ ಚಿಹ್ನೆ ಎಷ್ಟು ಓದಬೇಕೆಂಬ ಮಟ್ಟ ಇವನ್ನು ಉಳಿಸಬಹುದು. ಆಯ್ಕೆಗಳ ಮೆನುವಿನಲ್ಲಿರುವ ಇನ್‌ಪುಟ್ ಜೆಸ್ಚರ್ಸ್ ಕಿಟಕಿಯಲ್ಲಿ ಆ ಪ್ರೊಫೈಲಿಗೆ ಒಂದು ಕೀ ಕಟ್ಟಬಹುದು. ಅಲ್ಲಿಗೆ ಮೆನುಗಳ ಸುತ್ತು ಒಂದು ಒತ್ತಿಗೆ ಇಳಿಯುತ್ತದೆ. ಒಂದು ನಿರ್ದಿಷ್ಟ ತಂತ್ರಾಂಶ ತೆರೆದಾಗ ಪ್ರೊಫೈಲ್ ತಾನಾಗಿ ಜಾರಿಯಾಗುವಂತೆಯೂ ಮಾಡಬಹುದು. ಲಿಪಿಯ ತೊಡಕಿಗೆ ವಿಂಡೋಸ್‌ನ ಕೀಲಿಮಣೆ ಸೆಟ್ಟಿಂಗಿನಲ್ಲಿ ಪ್ರತಿ ಭಾಷೆಗೂ ಪ್ರತ್ಯೇಕ ಕೀ ಕೊಡುವ ಸೌಲಭ್ಯವಿದೆ: ಎಡಗಡೆಯ ಆಲ್ಟ್, ಶಿಫ್ಟ್ ಜೊತೆ 1 ಒತ್ತಿದರೆ ಯಾವಾಗಲೂ ಇಂಗ್ಲಿಷ್, 2 ಒತ್ತಿದರೆ ಯಾವಾಗಲೂ ಕನ್ನಡ. ಹಿಂದಿನ ಸ್ಥಿತಿ ಏನಿತ್ತೆಂದು ನೆನಪಿಡುವ ಹೊರೆಯೇ ಇಲ್ಲ. ಸ್ಕ್ರಾಲ್ ಲಾಕ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಪವರ್‌ಟಾಯ್ಸ್ ಎಂಬ ಮೈಕ್ರೋಸಾಫ್ಟ್‌ನ ಉಚಿತ ಸಲಕರಣೆಯಿಂದ ಬಳಕೆಯಲ್ಲಿಲ್ಲದ ಬೇರೊಂದು ಕೀಗೆ ಆ ಕೆಲಸ ವಹಿಸಬಹುದು. ಹಳೆಯ ಕಡತಗಳಿಗೆ ವರ್ಡ್ ಮ್ಯಾಕ್ರೋ ಅಥವಾ ಎನ್‌ವಿಡಿಎಯ ಆಡ್‌ಆನ್ ಮೂಲಕ ಪರಿವರ್ತಕವನ್ನೇ ಒಂದು ಕೀಗೆ ಕಟ್ಟುವುದು ತಾಂತ್ರಿಕವಾಗಿ ಕಷ್ಟವಲ್ಲ; ಪರಿವರ್ತನೆಯ ಕೋಷ್ಟಕಗಳು ಮುಕ್ತವಾಗಿ ಸಿಗುತ್ತವೆ.

ಇದಲ್ಲದೆ ದಿನಬಳಕೆಯ ಚಿಕ್ಕ ಅನುಕೂಲಗಳೂ ಇವೆ. ಡೆಸ್ಕ್‌ಟಾಪಿನಲ್ಲಿರುವ ಯಾವುದೇ ಶಾರ್ಟ್‌ಕಟ್ ಐಕಾನಿನ ಮೇಲೆ ಆಲ್ಟ್ ಜೊತೆ ಎಂಟರ್ ಒತ್ತಿ, ಶಾರ್ಟ್‌ಕಟ್ ಕೀ ಎಂಬ ಜಾಗದಲ್ಲಿ ಒಂದು ಅಕ್ಷರ ಕೊಟ್ಟರೆ ಕಂಟ್ರೋಲ್, ಆಲ್ಟ್ ತಾವಾಗಿ ಸೇರಿಕೊಳ್ಳುತ್ತವೆ; ಎನ್‌ವಿಡಿಎ ಕಂಟ್ರೋಲ್, ಆಲ್ಟ್, ಎನ್ ಒತ್ತಿದಾಗ ಶುರುವಾಗುವುದು ಹೀಗೆಯೇ. ಟಾಸ್ಕ್‌ಬಾರಿನಲ್ಲಿ ಸಾಲಾಗಿ ಇಟ್ಟ ತಂತ್ರಾಂಶಗಳನ್ನು ವಿಂಡೋಸ್ ಕೀ ಜೊತೆ 1, 2, 3 ಒತ್ತಿ ತೆರೆಯಬಹುದು. ವರ್ಡ್‌ನಲ್ಲೂ ಉಚಿತವಾದ ಲಿಬ್ರೆಆಫೀಸಿನಲ್ಲೂ ಯಾವ ಆಜ್ಞೆಗೂ ಬೇಕಾದ ಕೀ ಕೊಡಬಹುದು. ಎನ್‌ವಿಡಿಎಯಲ್ಲಿ ಎಷ್ಟೋ ಆಜ್ಞೆಗಳು ಯಾವ ಕೀಯೂ ಇಲ್ಲದೆ ಸುಮ್ಮನೆ ಕೂತಿವೆ. ಬೇಕಾದವರು ಕೀ ಕೊಟ್ಟುಕೊಳ್ಳಲಿ ಎಂದೇ ಅವನ್ನು ಹಾಗೆ ಬಿಡಲಾಗಿದೆ. ಇನ್ಸರ್ಟ್ ಕೀ ಕೈಗೆಟುಕದ ಲ್ಯಾಪ್‌ಟಾಪಿನಲ್ಲಿ ಅದರ ಬದಲು ಕ್ಯಾಪ್ಸ್ ಲಾಕನ್ನೇ ಎನ್‌ವಿಡಿಎ ಕೀ ಮಾಡಿಕೊಳ್ಳಬಹುದು. ಆಟೋಹಾಟ್‌ಕೀಯಂಥ ಸಲಕರಣೆ ಬಳಸಿದರೆ ಮೂರು ನಾಲ್ಕು ಹೆಜ್ಜೆಗಳ ಕೆಲಸವನ್ನು ಒಂದೇ ಕೀಗೆ ಕಟ್ಟಬಹುದು.

ಇಷ್ಟೆಲ್ಲ ಸಾಧ್ಯ ಎಂದಾಗ ಎಚ್ಚರವೂ ಬೇಕು. ಕೀಲಿಮಣೆಯ ಮೇಲೆ ಖಾಲಿ ಜಾಗ ಕಡಿಮೆ. ವಿಂಡೋಸ್, ಸ್ಕ್ರೀನ್ ರೀಡರ್, ಬ್ರೌಸರ್, ವರ್ಡ್, ಭಾಷೆಯ ಕೀಲಿಮಣೆ ಐದೂ ಒಂದೇ ಕೀಗಳಿಗಾಗಿ ಕೈ ಚಾಚುತ್ತವೆ. ಭಾರತದ ಇಂಗ್ಲಿಷ್ ಕೀಲಿಮಣೆ ವಿನ್ಯಾಸದಲ್ಲಿ ಬಲಗಡೆಯ ಆಲ್ಟ್ ಜೊತೆ 4 ಒತ್ತಿದರೆ ರೂಪಾಯಿ ಚಿಹ್ನೆ ಬರುತ್ತದೆ; ವಿಂಡೋಸ್ ಆ ಬಲ ಆಲ್ಟನ್ನು ಕಂಟ್ರೋಲ್ ಮತ್ತು ಆಲ್ಟ್ ಎರಡನ್ನೂ ಒತ್ತಿದಂತೆ ಲೆಕ್ಕ ಹಿಡಿಯುತ್ತದೆ. ತಿಳಿಯದೆ ಕಂಟ್ರೋಲ್, ಆಲ್ಟ್, 4ಕ್ಕೆ ಇನ್ನೇನೋ ಕೆಲಸ ಕಟ್ಟಿದರೆ ಸೊಸೈಟಿಯ ಲೆಕ್ಕ ಬರೆಯುವವರಿಗೆ ರೂಪಾಯಿ ಚಿಹ್ನೆಯೇ ಬಾರದೆ ಹೋಗಬಹುದು. ಇಂಥ ಘರ್ಷಣೆ ತಪ್ಪಿಸಲು ಎನ್‌ವಿಡಿಎಯಲ್ಲೇ ಉಪಾಯವಿದೆ. ಇನ್ಸರ್ಟ್ ಜೊತೆ 1 ಒತ್ತಿದರೆ ಕಲಿಕೆಯ ಸ್ಥಿತಿ; ಆಗ ಯಾವ ಕೀ ಒತ್ತಿದರೂ ಅದು ಕೆಲಸ ಮಾಡುವುದಿಲ್ಲ, ತನ್ನ ಕೆಲಸ ಏನೆಂದು ಹೇಳುತ್ತದೆ. ಇನ್ಸರ್ಟ್ ಜೊತೆ ಎಫ್2 ಒತ್ತಿದರೆ ಮುಂದಿನ ಕೀ ಸ್ಕ್ರೀನ್ ರೀಡರನ್ನು ದಾಟಿ ನೇರ ತಂತ್ರಾಂಶಕ್ಕೆ ಹೋಗುತ್ತದೆ. ಹೊಸ ಕೀ ಕಟ್ಟುವ ಮುನ್ನ ಆ ಜಾಗ ಖಾಲಿಯಿದೆಯೇ ಎಂದು ಕೇಳಿ ನೋಡುವುದು ಮೊದಲ ನಿಯಮವಾಗಬೇಕು.

ಎರಡನೆಯ ನಿಯಮ ಮಿತಿ. ಅಡುಗೆಮನೆಯಲ್ಲಿ ಉಪ್ಪು, ಸಾಸಿವೆ ಕೈಗೆಟುಕುವಂತಿದ್ದು ವರ್ಷಕ್ಕೊಮ್ಮೆ ಬೇಕಾಗುವ ಪಾತ್ರೆ ಅಟ್ಟದ ಮೇಲಿರುವ ಹಾಗೆ, ದಿನಕ್ಕೆ ಹತ್ತಾರು ಸಲ ಬೇಕಾಗುವ ಕೆಲಸಕ್ಕೆ ಮಾತ್ರ ಸ್ವಂತ ಕೀ ಇರಲಿ. ತಿಂಗಳಿಗೊಮ್ಮೆ ಬೇಕಾದುದಕ್ಕೆ ಮೆನುವೇ ಸಾಕು. ಕೀಲಿಮಣೆಯ ಜಾಗದ ಕೊರತೆ ನೀಗಿಸಲು ಜಾಸ್ ಪದರದ ಕ್ರಮ ತಂದಿತು: ಇನ್ಸರ್ಟ್ ಜೊತೆ ಸ್ಪೇಸ್ ಒತ್ತಿ ಬಿಟ್ಟು, ಆಮೇಲೆ ಒಂದು ಅಕ್ಷರ. ನಾಲ್ಕು ಬೆರಳು ಒಟ್ಟಿಗೆ ಚಾಚುವ ಕಷ್ಟ ತಪ್ಪಿತು, ಒಂದೇ ಅಕ್ಷರ ಬೇರೆ ಬೇರೆ ಪದರದಲ್ಲಿ ಬೇರೆ ಕೆಲಸಕ್ಕೆ ಸಿಕ್ಕಿತು. ಮೂರನೆಯ ನಿಯಮ ಆಗಲೇ ಹೇಳಿದ್ದು: ಅದಲುಬದಲು ಮಾಡುವ ಕೀಗಿಂತ ನಿಶ್ಚಿತ ಸ್ಥಿತಿಗೆ ಒಯ್ಯುವ ಕೀ ಮೇಲು. ನಾಲ್ಕನೆಯದು ನೆನಪಿನ ಕೊಂಡಿ. ಇಂಗ್ಲಿಷಿನವರಿಗೆ ಎಚ್ ಎಂದರೆ ಹೆಡಿಂಗ್, ಅಂದರೆ ಶೀರ್ಷಿಕೆ, ಎಂದು ತಾನಾಗಿ ನೆನಪಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಅದು ಬಾಯಿಪಾಠ. ಸ್ವಂತ ಕೀ ಆರಿಸುವಾಗ ಕನ್ನಡ ಪ್ರೊಫೈಲಿಗೆ ಕೆ, ಧಾರಣೆಯ ಪುಟಕ್ಕೆ ಡಿ ಎಂದು ತಮ್ಮ ಮಾತಿನಿಂದಲೇ ನೆನಪು ಹೆಣೆಯಬಹುದು, ಕೆ.ಪಿ. ರಾವ್ ವಿನ್ಯಾಸ ಕಲಿತ ಬೆರಳುಗಳಿಗೆ ಆ ಜಾಗಗಳು ಮೊದಲೇ ಪರಿಚಿತ.

ಈಗ ಆಕ್ಷೇಪಗಳು. ತರಬೇತುದಾರರು ಮೊದಲು ಎತ್ತುವ ಮಾತು ಇದು: ಸ್ವಂತ ಶಾರ್ಟ್‌ಕಟ್‌ಗೆ ಒಗ್ಗಿಕೊಂಡವರು ಬೇರೆ ಯಂತ್ರದ ಮುಂದೆ ಕೂತಾಗ ಕೈಕಟ್ಟಿದಂತಾಗುತ್ತಾರೆ, ಪರೀಕ್ಷೆ, ಸಂದರ್ಶನ, ಹೊಸ ಕಚೇರಿ ಎಲ್ಲ ಕಡೆ ಇರುವುದು ಸಿದ್ಧ ಕೀಲಿಗಳೇ. ಆಕ್ಷೇಪ ಸರಿಯಾದುದೇ, ಆದರೆ ಅದರ ಪರಿಹಾರ ಸ್ವಂತ ಕೀಲಿಗಳನ್ನು ಬಿಡುವುದಲ್ಲ, ಜೊತೆಗೆ ಒಯ್ಯುವುದು. ಎನ್‌ವಿಡಿಎಯ ಸಲಕರಣೆಗಳ ಮೆನುವಿನಿಂದ ಅದರ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಮಾಡಿಕೊಳ್ಳಬಹುದು. ಬಳಕೆದಾರ ಕಟ್ಟಿದ ಕೀಗಳು ಒಂದು ಚಿಕ್ಕ ಪಠ್ಯ ಕಡತದಲ್ಲಿರುತ್ತವೆ. ಅವೂ, ಪ್ರೊಫೈಲುಗಳೂ ಆ ಪ್ರತಿಯೊಂದಿಗೆ ಹೋಗುತ್ತವೆ. ಬಿ.ಸಿ. ರೋಡಿನ ಸೈಬರ್ ಅಂಗಡಿಯಿರಲಿ, ಉಜಿರೆಯ ಕಾಲೇಜಿನ ಲ್ಯಾಬ್ ಇರಲಿ, ಪಂಚಾಯಿತಿಯ ಅರಿವು ಕೇಂದ್ರವಿರಲಿ, ಪೆನ್‌ಡ್ರೈವ್ ಸಿಕ್ಕಿಸಿ ಏನನ್ನೂ ಇನ್‌ಸ್ಟಾಲ್ ಮಾಡದೆ ತನ್ನ ಧ್ವನಿ, ತನ್ನ ಕೀಲಿಗಳೊಂದಿಗೆ ಕೆಲಸ ಶುರುಮಾಡಬಹುದು. ಇದಕ್ಕೂ ಮಿತಿಗಳಿವೆ: ವಿಂಡೋಸ್‌ನಲ್ಲಿ ಕಟ್ಟಿದ ಕೀಗಳು ಆ ಯಂತ್ರದಲ್ಲೇ ಉಳಿಯುತ್ತವೆ, ಆಡಳಿತಾಧಿಕಾರ ಕೇಳುವ ಕಿಟಕಿಗಳನ್ನು ಪೆನ್‌ಡ್ರೈವಿನ ಪ್ರತಿ ಓದಲಾರದು. ಆದ್ದರಿಂದಲೇ ಸಾಧ್ಯವಿದ್ದಷ್ಟನ್ನೂ ಸ್ಕ್ರೀನ್ ರೀಡರಿನೊಳಗೇ ಕಟ್ಟಿಕೊಳ್ಳುವುದು ಜಾಣತನ.

ಕಚೇರಿಗಳಲ್ಲಿ ಪೆನ್‌ಡ್ರೈವಿಗೇ ಬೀಗ ಹಾಕಿರುತ್ತಾರಲ್ಲ ಎಂಬುದು ಇದರ ಬಾಲಂಗೋಚಿ. ಬ್ಯಾಂಕು, ಸರ್ಕಾರಿ ಕಚೇರಿಗಳ ಭದ್ರತೆಯ ಚಿಂತೆ ನ್ಯಾಯವಾದುದು. ಆದರೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದ್ದು, ಸರ್ಕಾರಿ ಸಂಸ್ಥೆಗಳು ತಮ್ಮ ಅಂಗವಿಕಲ ನೌಕರರಿಗೆ ಸೂಕ್ತ ಹೊಂದಾಣಿಕೆ ಮಾಡಿಕೊಡಬೇಕೆಂದು 20ನೇ ಸೆಕ್ಷನ್ನಿನಲ್ಲಿ ಸ್ಪಷ್ಟವಾಗಿ ಹೇಳುತ್ತದೆ. ಕಚೇರಿಯ ಕಂಪ್ಯೂಟರ್ ವಿಭಾಗದವರೇ ಸ್ಕ್ರೀನ್ ರೀಡರ್ ಹಾಕಿ, ನೌಕರರ ಕೀಲಿಗಳ ಕಡತವನ್ನು ಪರಿಶೀಲಿಸಿ ಸೇರಿಸಿಕೊಟ್ಟರೆ ಭದ್ರತೆಗೂ ಭಂಗವಿಲ್ಲ, ಕೆಲಸಕ್ಕೂ ತಡೆಯಿಲ್ಲ. ಗಾಲಿಕುರ್ಚಿಗೆ ರ‍್ಯಾಂಪ್ ಕೇಳುವುದು ಹಕ್ಕೆಂದು ಒಪ್ಪುವ ಕಚೇರಿ ಇದನ್ನೂ ಅದೇ ಸಾಲಿನಲ್ಲಿ ನೋಡಬೇಕು.

ಎರಡನೆಯ ಆಕ್ಷೇಪ ಇನ್ನೂ ಆಳವಾದದ್ದು. ಜಾಲತಾಣಗಳನ್ನು ಕೆಟ್ಟದಾಗಿ ಕಟ್ಟಿ, ಅದರ ಹೊರೆಯನ್ನು ದೃಷ್ಟಿಹೀನರ ಜಾಣ್ಮೆಯ ಮೇಲೆ ಹೊರಿಸುವುದು ಯಾವ ನ್ಯಾಯ? ತಪ್ಪು ಮಾಡಿದವರು ಸರಿಪಡಿಸಲಿ ಎಂಬ ವಾದ. ಇದರಲ್ಲಿ ಎರಡು ಮಾತಿಲ್ಲ. ವೆಬ್‌ಏಮ್ 2025ರಲ್ಲಿ ಹತ್ತು ಲಕ್ಷ ಮುಖಪುಟಗಳನ್ನು ಪರಿಶೀಲಿಸಿದಾಗ ಶೇ. 94.8ರಲ್ಲಿ ಪ್ರವೇಶಾರ್ಹತೆಯ ದೋಷ ಸಿಕ್ಕಿತು. ನಮ್ಮಲ್ಲಿ ಸರ್ಕಾರಿ ಜಾಲತಾಣಗಳಿಗೆ 2009ರಿಂದ ಮಾರ್ಗಸೂಚಿಯಿದೆ, 2023ರಲ್ಲಿ ಅದರ ಮೂರನೆಯ ಆವೃತ್ತಿ ಬಂದಿದೆ. ಆದರೂ ಹಲವು ಸರ್ಕಾರಿ ತಾಣಗಳ ‘ಸ್ಕ್ರೀನ್ ರೀಡರ್ ಪ್ರವೇಶ’ ಪುಟದಲ್ಲಿ 2017ರಲ್ಲೇ ನಿಂತುಹೋದ ವಿಂಡೋ-ಐಸ್ ತಂತ್ರಾಂಶದ ಹೆಸರು ಈಗಲೂ ಇದೆ. ಯಾರೋ ಒಮ್ಮೆ ಮಾಡಿದ ಪಟ್ಟಿ ನಕಲಾಗುತ್ತ ಬಂದಿದೆ. ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಪ್ರವೇಶಾರ್ಹತೆಯ ಮಾನದಂಡಗಳು ಕಡ್ಡಾಯವಾಗಬೇಕೆಂದಿತು. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಡಿಜಿಟಲ್ ಸೇವೆಗಳ ಲಭ್ಯತೆ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ತೀರ್ಪಿತ್ತಿತು. ಹೆಸರಿಲ್ಲದ ಬಟನ್ನನ್ನು, ಚಿತ್ರದಲ್ಲಷ್ಟೇ ಇರುವ ಕ್ಯಾಪ್ಚಾವನ್ನು ಯಾವ ಸ್ವಂತ ಶಾರ್ಟ್‌ಕಟ್ಟೂ ಗೆಲ್ಲಲಾರದು ಎಂಬುದನ್ನೂ ಒಪ್ಪಲೇಬೇಕು.

ಆದರೆ ಈ ಎರಡು ಬೇಡಿಕೆಗಳು ಒಂದಕ್ಕೊಂದು ವಿರೋಧವಲ್ಲ. ಎಲ್ಲ ಪುಟಗಳೂ ನಾಳೆಯೇ ನಿರ್ದೋಷವಾದರೂ ಕನ್ನಡ ಇಂಗ್ಲಿಷ್ ನಡುವಿನ ಓಡಾಟ ಉಳಿಯುತ್ತದೆ, ಒಬ್ಬೊಬ್ಬರ ಕೆಲಸದ ರೀತಿ ಬೇರೆಯಾಗಿಯೇ ಇರುತ್ತದೆ. ಅಂತರರಾಷ್ಟ್ರೀಯ ಮಾನದಂಡವೇ ಇದನ್ನು ಒಪ್ಪಿದೆ: 2018ರ ಜೂನ್‌ನಲ್ಲಿ ಬಂದ ವೆಬ್ ಪ್ರವೇಶಾರ್ಹತೆಯ ಮಾರ್ಗಸೂಚಿಯ 2.1ನೇ ಆವೃತ್ತಿ, ಜಾಲತಾಣವು ಒಂದೇ ಅಕ್ಷರದ ಶಾರ್ಟ್‌ಕಟ್ ಇಟ್ಟರೆ ಅದನ್ನು ನಿಲ್ಲಿಸುವ ಅಥವಾ ಬದಲಿಸುವ ದಾರಿ ಕೊಡಬೇಕು, ಇಲ್ಲವೇ ಆಯಾ ಭಾಗದಲ್ಲಿ ನಿಂತಾಗ ಮಾತ್ರ ಅದು ಕೆಲಸ ಮಾಡುವಂತಿರಬೇಕು ಎಂದು ಕನಿಷ್ಠ ಮಟ್ಟದ ಷರತ್ತಾಗಿಯೇ ವಿಧಿಸಿತು. ಪುಟ ಕಟ್ಟುವವರ ಹೊಣೆ ಪುಟ ಸರಿಯಾಗಿರುವುದು. ಅದರೊಳಗೆ ಹೇಗೆ ನಡೆಯಬೇಕೆಂಬ ಆಯ್ಕೆ ನಡೆಯುವವರದು.

ಮೂರನೆಯದು ಮೊಬೈಲಿನ ವಾದ. ಐಫೋನಿನ ವಾಯ್ಸ್‌ಓವರ್, ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಎರಡೂ 2009ರಿಂದ ಇವೆ. ಸಂದೇಶ, ಸುದ್ದಿ, ಹಣ ಪಾವತಿ, ಯಕ್ಷಗಾನ ಕೇಳುವುದು ಎಲ್ಲವೂ ಫೋನಿನಲ್ಲೇ ಆಗುತ್ತಿದೆ. ಮಾತಾಡಿದರೆ ಬರೆದುಕೊಳ್ಳುತ್ತದೆ ಕೂಡ. ಇನ್ನು ಕೀಲಿಮಣೆಯ ಚರ್ಚೆ ಯಾಕೆ? ಯಾಕೆಂದರೆ ಸಂಬಳ ತರುವ ಕೆಲಸ ಇನ್ನೂ ಕಂಪ್ಯೂಟರಿನಲ್ಲಿದೆ. ಉದ್ದದ ಕೋಷ್ಟಕ ತಿದ್ದುವುದು, ಪ್ರಬಂಧಕ್ಕೆ ಅಡಿಟಿಪ್ಪಣಿ ಹಾಕುವುದು, ಬ್ಯಾಂಕಿನ ತಂತ್ರಾಂಶದಲ್ಲಿ ಖಾತೆ ತೆರೆಯುವುದು, ಪ್ರೋಗ್ರಾಂ ಬರೆಯುವುದು ಬೆರಳ ತುದಿಯ ನಿಖರತೆ ಬೇಡುತ್ತವೆ. ಹತ್ತು ಜನರಿರುವ ಕಚೇರಿಯಲ್ಲಿ ಗಟ್ಟಿಯಾಗಿ ಮಾತಾಡಿ ಬರೆಸುವುದೂ ಆಗದ ಮಾತು. ಅಲ್ಲದೆ ತುಳುವಿನ ಮಾತನ್ನು ತಿಳಿಯುವ ಸೌಲಭ್ಯ ಕನ್ನಡದಷ್ಟು ಬೆಳೆದಿಲ್ಲ. ತುಳು ತಿಗಳಾರಿ ಲಿಪಿ ಯೂನಿಕೋಡಿಗೆ ಸೇರಿದ್ದೇ 2024ರ ಸೆಪ್ಟೆಂಬರಿನಲ್ಲಿ. ಸದ್ಯ ಕನ್ನಡ ಲಿಪಿಯಲ್ಲಿ ಬರೆದ ತುಳುವನ್ನು ಕನ್ನಡ ಧ್ವನಿಯಲ್ಲಿ ಕೇಳುವುದೇ ದಾರಿ. ಹೀಗೆ ಓದಿಸಿಕೊಳ್ಳುವಾಗ ವೇಗ ತಗ್ಗಿಸಬೇಕಾಗುತ್ತದೆ, ಅದಕ್ಕೂ ಪ್ರತ್ಯೇಕ ಪ್ರೊಫೈಲು, ಕೀ ಇದ್ದರೆ ಅನುಕೂಲ. ಟಾಕ್‌ಬ್ಯಾಕ್ ಕೂಡ ಬೆರಳ ಸನ್ನೆಗಳನ್ನು ಬದಲಿಸಿಕೊಳ್ಳಲು ಬಿಡುತ್ತದೆ. ಅಂದರೆ ಫೋನಿಗೆ ಹೋದರೂ ಪ್ರಶ್ನೆ ಬೆನ್ನುಬಿಡುವುದಿಲ್ಲ.

ಕೊನೆಯ ಆಕ್ಷೇಪ ಹೊಸಬರದು: ಕಲಿಯಬೇಕಾದ್ದೇ ಬೆಟ್ಟದಷ್ಟಿರುವಾಗ ಇನ್ನಷ್ಟು ಯಾಕೆ ಹೇರಬೇಕು? ಇದಕ್ಕೆ ಉತ್ತರ ಪಾಠದ ಕ್ರಮದಲ್ಲಿದೆ. ಮೊದಲು ಕಣ್ಣು ಬೇಡದ ಟೈಪಿಂಗ್. ಆಮೇಲೆ ಸಿದ್ಧ ಕೀಲಿಗಳು. ಅವು ಕೈಗೆ ಹತ್ತಿದ ಮೇಲೆ ದಿನದಲ್ಲಿ ಯಾವ ಕೆಲಸ ಪದೇಪದೇ ಬೇಸರ ತರಿಸುತ್ತದೆ ಎಂದು ಕಲಿಯುವವರೇ ಪಟ್ಟಿ ಮಾಡಿ, ಅದರಲ್ಲಿ ಮೂರು ನಾಲ್ಕಕ್ಕೆ ಸ್ವಂತ ಕೀ ಕಟ್ಟಲಿ. ಈ ಮೂರನೆಯ ಹೆಜ್ಜೆಯಲ್ಲಿ ಒಂದು ಹೆಚ್ಚಿನ ಲಾಭವಿದೆ. ಕೊಟ್ಟದ್ದನ್ನು ಬಳಸುವವನು ತಾನೇ ಯಂತ್ರವನ್ನು ತಿದ್ದಬಲ್ಲೆ ಎಂದು ತಿಳಿಯುತ್ತಾನೆ. ಎನ್‌ವಿಡಿಎಯನ್ನು ಕಟ್ಟಿದ್ದು ಬಹುಮಟ್ಟಿಗೆ ಪೈಥಾನ್ ಭಾಷೆಯಲ್ಲಿ. ಕೀ ಬದಲಿಸುವುದರಿಂದ ಆಡ್‌ಆನ್ ಬರೆಯುವವರೆಗಿನ ದಾರಿ ದೃಷ್ಟಿಹೀನ ವಿದ್ಯಾರ್ಥಿಗೂ ತೆರೆದೇ ಇದೆ.

ಇಷ್ಟನ್ನು ಮಾಡಬಲ್ಲ ನೆಲೆ ಈ ಮೂರು ತಾಲ್ಲೂಕುಗಳಲ್ಲಿ ಆಗಲೇ ಇದೆ. ಬಂಟ್ವಾಳದ ಬೆಂಜನಪದವಿನಲ್ಲಿ ಕೆನರಾ, ಬೆಳ್ತಂಗಡಿಯ ಉಜಿರೆಯಲ್ಲಿ ಎಸ್‌ಡಿಎಂ, ಮೂಡುಬಿದಿರೆ ಬಳಿಯ ಮಿಜಾರಿನಲ್ಲಿ ಆಳ್ವಾಸ್ ಮತ್ತು ಮೈಟ್ ಎಂಜಿನಿಯರಿಂಗ್ ಕಾಲೇಜುಗಳಿವೆ. ವರ್ಷವರ್ಷವೂ ವಿದ್ಯಾರ್ಥಿಗಳು ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಾರೆ. ಹಳೆಯ ನುಡಿ ಫಾಂಟಿನ ಪಠ್ಯವನ್ನು ಒಂದೇ ಕೀಗೆ ಯೂನಿಕೋಡ್ ಮಾಡಿ ಓದುವ ಆಡ್‌ಆನ್, ಸೊಸೈಟಿಗಳ ಲೆಕ್ಕದ ತಂತ್ರಾಂಶಕ್ಕೆ ಕನ್ನಡ ಕೀಲಿಗಳ ಜೋಡಣೆ ಇವು ಪ್ರಾಜೆಕ್ಟ್‌ಗೆ ತಕ್ಕ ಗಾತ್ರದ, ಬಳಕೆಗೆ ಬರುವ ಕೆಲಸಗಳು. ಮಾದರಿಯೂ ದೂರವಿಲ್ಲ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ರೂಪಿಸಿದ ‘ಲಿಪಿ ಜ್ಞಾನಿ’ ಕನ್ನಡ ಲಿಪಿಯಲ್ಲಿ ಮುದ್ರಿತವಾದ ಕನ್ನಡ, ತುಳು, ಕೊಂಕಣಿ, ಸಂಸ್ಕೃತ ಪುಟಗಳನ್ನು ಪಠ್ಯವಾಗಿಸುತ್ತದೆ. 1982ರಿಂದ ಉಜಿರೆಯಲ್ಲಿ ಉಚಿತ ತರಬೇತಿ ನೀಡುತ್ತಿರುವ ರುಡ್‌ಸೆಟ್ ಸಂಸ್ಥೆಯಂಥ ಕಡೆ ಸ್ಕ್ರೀನ್ ರೀಡರಿನ ಪಾಠವೂ ಅದರ ಜೊತೆ ಮೇಲೆ ಹೇಳಿದ ಮೂರನೆಯ ಹೆಜ್ಜೆಯೂ ಸೇರಬಹುದು.

ಕಾಲೇಜಿನ ಲ್ಯಾಬ್, ಅರಿವು ಕೇಂದ್ರ, ಸೊಸೈಟಿ, ಬ್ಯಾಂಕ್ ಶಾಖೆಗಳನ್ನು ನಡೆಸುವವರಲ್ಲಿ ಕೇಳಿಕೊಳ್ಳಬೇಕಾದದ್ದು ಇಷ್ಟೇ. ನಿಮ್ಮಲ್ಲಿರುವ ಒಂದು ಕಂಪ್ಯೂಟರಿನಲ್ಲಾದರೂ ಎನ್‌ವಿಡಿಎ ಹಾಕಿ, ಕನ್ನಡ ಧ್ವನಿ ಇದೆಯೇ ನೋಡಿ, ಪ್ರತಿ ಭಾಷೆಗೂ ನೇರ ಕೀ ಕೊಡಿ, ಬಂದವರು ತಮ್ಮ ಕೀಲಿಗಳನ್ನು ತಂದರೆ ಬೇಡ ಎನ್ನಬೇಡಿ. ಹೊಸ ನೋಟಿಸು, ಅರ್ಜಿಗಳನ್ನು ಯೂನಿಕೋಡಿನಲ್ಲೇ ಟೈಪ್ ಮಾಡಿಸಿ. ತಂತ್ರಾಂಶಕ್ಕೆ ಹಣ ಬೇಡ, ವಿಶೇಷ ಯಂತ್ರವೂ ಬೇಡ. ಒಂದು ಮಧ್ಯಾಹ್ನದ ಕೆಲಸ ಸಾಕು.